ಪರದೆಯ ಮೇಲಿನ ವೈದ್ಯರು: ಅಲಕ್ಷ್ಯವೂ ಬೇಡ, ಅತಿನಂಬಿಕೆಯೂ ಬೇಡ

ಒಂದು ಕಾಲದಲ್ಲಿ ಕುಟುಂಬ ವೈದ್ಯರು ಕೈಯಲ್ಲಿ ಚೀಲ ಹಿಡಿದು ರೋಗಿಯ ಮನೆಬಾಗಿಲಿಗೇ ಬರುತ್ತಿದ್ದರು. ಆ ಪರಂಪರೆ ಕ್ಷೀಣಿಸಿದಂತೆಲ್ಲ ಪ್ರಯಾಣದ ಭಾರವು ರೋಗಿಯ ಮೇಲೆ, ಅದರಲ್ಲೂ ವಯೋವೃದ್ಧರ ಮೇಲೆ ಬಿದ್ದಿದೆ. ಇಂದು ವಿಡಿಯೋ ಕರೆಯ ಮೂಲಕ ವೈದ್ಯರ ಸಲಹೆ ಪಡೆಯುವ ವ್ಯವಸ್ಥೆಯು ನಮ್ಮ ಕೈಗೆಟಕುವಷ್ಟು ಸಮೀಪದಲ್ಲಿದೆ. ಆದರೂ ನಮ್ಮ ಅನೇಕ ಕುಟುಂಬಗಳು ಅದನ್ನು ಸಂಶಯದ ದೃಷ್ಟಿಯಿಂದಲೇ ನೋಡುತ್ತಿವೆ. ಈ ಸಂಶಯವು ಎಷ್ಟರಮಟ್ಟಿಗೆ ಸಾಧುವಾದುದು ಎಂಬುದನ್ನು ವಿಚಾರಿಸಬೇಕಾಗಿದೆ.

ನಮ್ಮ ಕರಾವಳಿಯ ಮನೆಗಳ ಸ್ಥಿತಿಯನ್ನೇ ಗಮನಿಸೋಣ. ಮಕ್ಕಳು ಕುವೈತಿನಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ. ದೊಡ್ಡ ಮನೆಯಲ್ಲಿ ಉಳಿದವರು ವೃದ್ಧ ತಂದೆತಾಯಿಗಳಿಬ್ಬರೇ, ಕೆಲವೆಡೆ ಒಬ್ಬರೇ. ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಅಧಿಕ ದೂರ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ರಕ್ತಪರೀಕ್ಷೆಯ ವರದಿಯನ್ನು ತಜ್ಞರಿಗೆ ತೋರಿಸಬೇಕಾದರೆ ಮುಂಜಾನೆಯೇ ಹೊರಡಬೇಕು, ಜೊತೆಗೊಬ್ಬರು ತಮ್ಮ ದಿನದ ದುಡಿಮೆಯನ್ನು ಬಿಟ್ಟು ಬರಬೇಕು, ಟೋಕನ್ ಪಡೆದು ಗಂಟೆಗಟ್ಟಲೆ ಕಾಯಬೇಕು. ಕೊನೆಗೆ ದೊರೆಯುವುದು ಐದಾರು ನಿಮಿಷಗಳ ಭೇಟಿ ಮತ್ತು "ಇದೇ ಮಾತ್ರೆ ಮುಂದುವರಿಸಿ" ಎಂಬ ಒಂದು ಮಾತು. ಈ ಶ್ರಮಕ್ಕೆ ಅಂಜಿ ತಪಾಸಣೆಯನ್ನೇ ಮುಂದೂಡುವವರು ಎಷ್ಟು ಮಂದಿ! ಮುಂದೂಡಿದ ತಪಾಸಣೆಯ ಬೆಲೆಯನ್ನು ಕೆಲವರು ಕಣ್ಣಿನಿಂದ, ಕೆಲವರು ಮೂತ್ರಪಿಂಡದಿಂದ ತೆರುತ್ತಾರೆ.

ದೂರದಿಂದ ವೈದ್ಯಕೀಯ ಸಲಹೆ ಪಡೆಯುವುದು ನಮ್ಮ ದೇಶಕ್ಕೆ ತೀರ ಹೊಸದೇನೂ ಅಲ್ಲ. ಇಸ್ರೊ ಸಂಸ್ಥೆಯು 2001ರಲ್ಲಿ ಉಪಗ್ರಹದ ನೆರವಿನಿಂದ ಇಂತಹ ಪ್ರಯೋಗವನ್ನು ಕೈಗೊಂಡಿತು. ಅದರ ಆರಂಭದ ಹಂತದಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಣೆಗೊಂಡವು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರವು ಈ ವಿಧಾನಕ್ಕೆ ಸ್ಪಷ್ಟ ಮಾರ್ಗಸೂಚಿಯನ್ನು ಹೊರಡಿಸಿತು. ಮರುತಿಂಗಳೇ 'ಇ-ಸಂಜೀವಿನಿ' ಎಂಬ ಉಚಿತ ಸೇವೆಯು ಮನೆಯಲ್ಲಿರುವ ರೋಗಿಗಳಿಗೆ ನೇರವಾಗಿ ತೆರೆದುಕೊಂಡಿತು. 2023ರ ಫೆಬ್ರವರಿಯ ಹೊತ್ತಿಗೆ ಅದರ ಮೂಲಕ ನಡೆದ ಸಮಾಲೋಚನೆಗಳ ಸಂಖ್ಯೆ 10 ಕೋಟಿಯನ್ನು ದಾಟಿತ್ತು. ಸ್ಮಾರ್ಟ್ ಫೋನ್ ಬಳಸಲರಿಯದವರು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋದರೆ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ಜೊತೆಗಿದ್ದು ವೈದ್ಯರೊಡನೆ ಮಾತನಾಡಿಸುವ ಏರ್ಪಾಡೂ ಇದರಲ್ಲಿದೆ.

"ನಾಡಿ ಹಿಡಿಯದೆ, ಹೊಟ್ಟೆ ಮುಟ್ಟಿ ನೋಡದೆ ವೈದ್ಯರಿಗೆ ರೋಗ ತಿಳಿಯುವುದಾದರೂ ಹೇಗೆ?" ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಕೆಲವಕ್ಕೆ ಸತ್ಯವಾದುದು ಎಲ್ಲಕ್ಕೂ ಸತ್ಯವಾಗಬೇಕಾಗಿಲ್ಲ ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ಕೆಲವು ರೋಗಗಳಿಗೆ ಸ್ಪರ್ಶಪರೀಕ್ಷೆ ಅನಿವಾರ್ಯ. ಅದರಿಂದ ಪ್ರತಿಯೊಂದು ಭೇಟಿಗೂ ಅದು ಅನಿವಾರ್ಯವೆಂದು ಸಿದ್ಧವಾಗುವುದಿಲ್ಲ. ಈಗಾಗಲೇ ನಿರ್ಧಾರವಾದ ರೋಗದ ಮುಂದಿನ ತಪಾಸಣೆ, ವರದಿಗಳ ಪರಿಶೀಲನೆ, ಮಾತ್ರೆಯ ಪ್ರಮಾಣದ ಹೊಂದಾಣಿಕೆ, ಆಹಾರದ ಕುರಿತಾದ ಸಲಹೆ - ಇವುಗಳಲ್ಲಿ ವೈದ್ಯರಿಗೆ ಮುಖ್ಯವಾಗಿ ಬೇಕಾಗುವುದು ರೋಗಿಯ ಮಾತು ಮತ್ತು ಮನೆಯಲ್ಲಿ ಬರೆದಿಟ್ಟ ರಕ್ತದೊತ್ತಡ, ಸಕ್ಕರೆಯ ಅಂಕಿಗಳು.

ಇಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ದೊರೆಯದ ಕೆಲವು ಅನುಕೂಲಗಳೂ ಇಲ್ಲಿವೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ತೋರಿಸಿದರೆ, ಇಬ್ಬರು ವೈದ್ಯರು ಬೇರೆಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಔಷಧವನ್ನು ಅಜ್ಜಿ ಎರಡೆರಡು ಬಾರಿ ನುಂಗುತ್ತಿರುವುದು ಬೆಳಕಿಗೆ ಬರಬಹುದು. ಕುವೈತಿನಲ್ಲಿರುವ ಮಗನೂ ಅದೇ ಕರೆಯಲ್ಲಿ ಸೇರಿಕೊಂಡು ವೈದ್ಯರ ಮಾತನ್ನು ತಾನೇ ಕೇಳಬಹುದು. ಕಾಯುವ ಕೋಣೆಯಲ್ಲಿ ಇತರರ ಸೋಂಕು ತಗಲುವ ಭಯವಿಲ್ಲ. ಮನೋವ್ಯಥೆಯಿಂದ ಬಳಲುತ್ತಿದ್ದರೂ "ನೋಡಿದವರು ಏನೆಂದಾರು" ಎಂಬ ಅಂಜಿಕೆಯಿಂದ ಮನೋವೈದ್ಯರ ಬಾಗಿಲನ್ನು ತಟ್ಟದವರಿಗಂತೂ ಇದು ದೊಡ್ಡ ವರದಾನ. ಅಂತಹವರಿಗಾಗಿಯೇ 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ನಮ್ಮ ನಿಮ್ಹಾನ್ಸ್ ಸಂಸ್ಥೆ ಅದರ ಪ್ರಧಾನ ಕೇಂದ್ರ. ಈ ಸಂಖ್ಯೆಯನ್ನು ಪ್ರತಿಯೊಂದು ಮನೆಯಲ್ಲೂ ಬರೆದಿಡುವುದು ಒಳಿತು.

ಹಾಗೆಂದು ಪರದೆಯನ್ನೇ ಆಸ್ಪತ್ರೆಯೆಂದು ಭ್ರಮಿಸುವುದು ಅಪಾಯಕರ. ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಸೋಲುವುದು, ತೀವ್ರವಾದ ಹೊಟ್ಟೆನೋವು, ಜ್ವರದಿಂದ ಮಗು ಮಂಕಾಗುವುದು - ಇಂತಹ ವೇಳೆಯಲ್ಲಿ ವಿಡಿಯೋ ಕರೆಗಾಗಿ ಕಾಯುತ್ತ ಕುಳಿತರೆ ಪ್ರಾಣಕ್ಕೇ ಸಂಚಕಾರ. ಕೂಡಲೇ 108ಕ್ಕೆ ಕರೆಮಾಡಬೇಕು, ಸಮೀಪದ ಆಸ್ಪತ್ರೆಗೆ ಧಾವಿಸಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಗ್ರಾಮೀಣ ಕೇಂದ್ರಗಳ ಇಸಿಜಿಗಳನ್ನು ವಾಟ್ಸಾಪ್ ಮೂಲಕ ತರಿಸಿ, ತಜ್ಞರಿಂದ ಸಲಹೆ ಕೊಡಿಸುವ ಕಾರ್ಯವನ್ನು ನಡೆಸಿದ್ದಾರೆ. ಅಲ್ಲಿಯೂ ರೋಗಿಯು ಹತ್ತಿರದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಾನೆ, ದೂರದ ತಜ್ಞರು ಅದನ್ನು ಓದುತ್ತಾರೆ. ಸ್ಥಳೀಯ ಕೈಯೂ ದೂರದ ಕಣ್ಣೂ ಸೇರಿ ದುಡಿದಾಗಲೇ ಯಂತ್ರವು ಜೀವವನ್ನು ಉಳಿಸುತ್ತದೆ.

ಮೇಲೆ ಹೇಳಿದ ಮಾರ್ಗಸೂಚಿಯ ಕೆಲವಂಶಗಳು ಎಲ್ಲರಿಗೂ ತಿಳಿದಿರಬೇಕು. ಸಲಹೆ ನೀಡುವವರು ನೋಂದಾಯಿತ ವೈದ್ಯರಾಗಿರಬೇಕು. ಔಷಧಿ ಚೀಟಿಯಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಅಪ್ರಾಪ್ತ ವಯಸ್ಕರ ಜೊತೆಗೆ ಹಿರಿಯರೊಬ್ಬರು ಇರಬೇಕು. ಮಾದಕ ಗುಣವುಳ್ಳ ಕೆಲವು ಔಷಧಗಳನ್ನು ಈ ವಿಧಾನದಲ್ಲಿ ಬರೆದುಕೊಡುವಂತಿಲ್ಲ. ನೇರ ಪರೀಕ್ಷೆ ಅಗತ್ಯವೆಂದು ಕಂಡರೆ ಆಸ್ಪತ್ರೆಗೆ ಬರಹೇಳುವ ಅಧಿಕಾರ ವೈದ್ಯರಿಗಿದೆ. ಹಾಗೆ ಹೇಳಿದಾಗ ಅಸಮಾಧಾನಪಡದೆ ಹೋಗುವುದು ರೋಗಿಯ ಕರ್ತವ್ಯ. ಪರಿಚಯವಿಲ್ಲದ ಸಂಖ್ಯೆಯಿಂದ ಬಂದ ಕರೆಯನ್ನು ನಂಬಿ ಹಣ ಕಳುಹಿಸುವುದಂತೂ ಸಲ್ಲದು.

ಇನ್ನು ಈ ವ್ಯವಸ್ಥೆ ವೃದ್ಧರನ್ನು ತಲಪುವ ಬಗೆ ಹೇಗೆ? ಎಪ್ಪತ್ತೈದರ ಹರೆಯದ ತಾಯಿಗೆ ಫೋನಿನ ಗುಂಡಿಗಳ ಪರಿಚಯವಿರುವುದಿಲ್ಲ. ಆದರೆ ಪ್ರತಿಯೊಂದು ವಾಳೆಯಲ್ಲೂ ಅದನ್ನು ಬಲ್ಲ ಯುವಕ ಯುವತಿಯರಿದ್ದಾರೆ. ಗುರಿಕಾರರು ಮನಸ್ಸು ಮಾಡಿದರೆ, ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಮಾಡಿ, ತಿಂಗಳಿಗೊಮ್ಮೆ ಅರ್ಧ ಗಂಟೆ ಅವರ ಬಳಿ ಕುಳಿತು ಕರೆಮಾಡಿಸುವ ಹೊಣೆಯನ್ನು ಯುವಜನರಿಗೆ ಒಪ್ಪಿಸಬಹುದು. ಇದಕ್ಕೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು. ರೋಗಿಯ ಗುಟ್ಟನ್ನು ಕಾಯುವ ಸಂಯಮವೂ ಬೇಕು.

ಕೊನೆಗೊಂದು ಮಾತನ್ನು ದೂರದೂರಿನಲ್ಲಿರುವ ಮಕ್ಕಳಿಗೆ ಹೇಳಬಯಸುತ್ತೇವೆ. ವೈದ್ಯರ ವಿಡಿಯೋ ಕರೆಯು ಪ್ರಯಾಣದ ಆಯಾಸವನ್ನು ತಪ್ಪಿಸುತ್ತದೆ; ಮಕ್ಕಳ ಬರವನ್ನು ತುಂಬಲಾರದು. ಸಾಧನವು ಸಾಧನವಾಗಿಯೇ ಇರಲಿ. ಆಸ್ಪತ್ರೆಯ ಓಡಾಟದಿಂದ ಉಳಿದ ಸಮಯವನ್ನೂ ಹಣವನ್ನೂ ವರ್ಷಕ್ಕೊಮ್ಮೆಯಾದರೂ ಮನೆಗೆ ಬಂದು ತಂದೆತಾಯಿಗಳ ಬಳಿ ನಾಲ್ಕು ದಿನ ಇರುವುದಕ್ಕೆ ವಿನಿಯೋಗಿಸಿದರೆ, ಯಾವ ಚೀಟಿಯಲ್ಲೂ ಬರೆಯಲಾಗದ ಔಷಧವನ್ನು ಅವರಿಗೆ ಕೊಟ್ಟಂತಾಗುತ್ತದೆ.