ವಕೀಲರಿಲ್ಲದೆ ವಿಚ್ಛೇದನ: ಕೋರ್ಟಿನ ಬಾಗಿಲು ಮತ್ತು ಇಗರ್ಜಿಯ ಬಾಗಿಲು

ಮದುವೆಯ ಪ್ರಮಾಣಪತ್ರ ಬೇಕೆಂದು ಇಗರ್ಜಿ ಕಚೇರಿಗೆ ಬರುವವರು ಹಿಂದೆ ಹೆಚ್ಚಾಗಿ ಪಾಸ್‌ಪೋರ್ಟಿಗಾಗಿಯೋ ಗಲ್ಫ್ ವೀಸಾಕ್ಕಾಗಿಯೋ ಬರುತ್ತಿದ್ದರು. ಈಗ ಅದೇ ಪ್ರಮಾಣಪತ್ರವನ್ನು ಕೋರ್ಟಿಗೆ ಹಾಜರುಪಡಿಸಲು ಕೇಳುವವರೂ ಇದ್ದಾರೆ. ಕೆಲ ಸಮಯದ ಹಿಂದೆ ಹಾಗೆ ಬಂದ ತಾಯಿಯೊಬ್ಬರು ನಮ್ಮ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು. "ಫಾದರ್, ವಕೀಲರಿಗೆ ಕೊಡಲು ನನ್ನಲ್ಲಿ ಹಣವಿಲ್ಲ. ನಾನೇ ಹೋಗಿ ಅರ್ಜಿ ಕೊಟ್ಟರೆ ಕೋರ್ಟಿನವರು ತೆಗೆದುಕೊಳ್ಳುತ್ತಾರಾ?" ಇದು ಮೊದಲನೆಯದು. ಎರಡನೆಯದನ್ನು ಅವರು ಬಾಗಿಲ ಬಳಿ ನಿಂತು, ಹೊರಡುವ ಹೊತ್ತಿಗೆ ಕೇಳಿದರು. "ಹಾಗೆ ಮಾಡಿದರೆ ನನಗೆ ಇನ್ನು ಕುಮ್ಗಾರ್ ಸಿಗುವುದಿಲ್ಲವಲ್ಲ?"

ಇಂಥ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ನಮ್ಮ ಎಷ್ಟೋ ಮಂದಿ ವರ್ಷಗಟ್ಟಲೆ ಒದ್ದಾಡುತ್ತಾರೆ. ಕೆಲವರು ನೆರೆಕರೆಯವರ ಮಾತು ಕೇಳಿ ಕಾಗದಕ್ಕೆ ಸಹಿ ಹಾಕಿ ಮತ್ತೆ ಪಶ್ಚಾತ್ತಾಪ ಪಡುತ್ತಾರೆ. ಆದುದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ವಿವೇಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ವಿವಾಹ ಸಂಸ್ಕಾರದ ಅವಿಚ್ಛೇದ್ಯತೆಯ ಬಗ್ಗೆ ಧರ್ಮಸಭೆಯ ಬೋಧನೆಯಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೆ ಕಷ್ಟದಲ್ಲಿರುವವರಿಗೆ ಸರಿಯಾದ ಮಾಹಿತಿ ಕೊಡದಿರುವುದು ಆ ಬೋಧನೆಗೆ ಸಲ್ಲಿಸುವ ಗೌರವವಲ್ಲ.

ಕಾನೂನು ಏನು ಹೇಳುತ್ತದೆ?

ಕ್ರೈಸ್ತರ ವಿಚ್ಛೇದನಕ್ಕೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಬ್ರಿಟಿಷರ ಕಾಲದ ಈ ಕಾಯ್ದೆ ಬಹುಕಾಲ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಕಾರಣ ಸಾಕಾಗುತ್ತಿತ್ತು. ಹೆಂಡತಿಯಾದರೋ ಅದರ ಜೊತೆಗೆ ಕ್ರೌರ್ಯ ಅಥವಾ ಪರಿತ್ಯಾಗವನ್ನೂ ರುಜುವಾತು ಮಾಡಬೇಕಿತ್ತು. ಜಿಲ್ಲಾ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಹೈಕೋರ್ಟಿನ ದೃಢೀಕರಣವೂ ಬೇಕಿತ್ತು. 2001ರ ತಿದ್ದುಪಡಿ ಈ ಎರಡನ್ನೂ ತೆಗೆದುಹಾಕಿತು. ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣಗಳು ಇಬ್ಬರಿಗೂ ಸಮಾನವಾದವು. 10ಎ ಎಂಬ ಹೊಸ ಕಲಮಿನ ಮೂಲಕ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಸೇರಿತು.

ಈ 10ಎ ಕಲಮು ಎರಡು ವರ್ಷ ಪ್ರತ್ಯೇಕವಾಗಿ ಬಾಳಿರಬೇಕೆಂದು ಹೇಳುತ್ತದೆ. ಬೇರೆ ಸಮುದಾಯಗಳಿಗೆ ಒಂದು ವರ್ಷ, ಕ್ರೈಸ್ತರಿಗೆ ಮಾತ್ರ ಎರಡು ವರ್ಷ ಏಕೆ ಎಂಬ ಪ್ರಶ್ನೆ ಬಂದಾಗ 2010ರಲ್ಲಿ ಕೇರಳ ಹೈಕೋರ್ಟು ಅದನ್ನು ಒಂದು ವರ್ಷವೆಂದು ಓದಿಕೊಳ್ಳಬೇಕೆಂದಿತು. 2014ರಲ್ಲಿ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು "ನಮ್ಮ ನಿರ್ಧಾರ ಬದಲಾಗಿಲ್ಲ" ಎಂದು ಹೇಳಬೇಕು.

ಇನ್ನು ವಕೀಲರ ಮಾತು. ಯಾವುದೇ ಸಿವಿಲ್ ನ್ಯಾಯಾಲಯದಲ್ಲಿ ಕಕ್ಷಿದಾರ ತಾನೇ ನಿಂತು ತನ್ನ ಮೊಕದ್ದಮೆಯನ್ನು ನಡೆಸಬಹುದು. ಕುಟುಂಬ ನ್ಯಾಯಾಲಯದ ಮಟ್ಟಿಗೆ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ನ್ಯಾಯಾಲಯದ ಅನುಮತಿ ಬೇಕು. ಕಾನೂನು ತಜ್ಞರ ನೆರವು ಬೇಕೆನಿಸಿದರೆ ನ್ಯಾಯಾಲಯವೇ ಒಬ್ಬರನ್ನು ಕರೆಯಬಹುದು. ಅಂದರೆ ಬರಿಗೈಯಲ್ಲಿ ಬರುವ ಗಂಡ ಹೆಂಡತಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ನ್ಯಾಯಾಲಯವನ್ನು ಕಟ್ಟಲಾಗಿದೆ. ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದು 9ನೆಯ ಕಲಮು ಹೇಳುತ್ತದೆ. ಕಕ್ಷಿದಾರರು ಬಯಸಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು 11ನೆಯ ಕಲಮಿನಲ್ಲಿ ಅವಕಾಶವಿದೆ. ವ್ಯವಹಾರದಲ್ಲಿ ಹೆಚ್ಚಿನವರು ವಕೀಲರ ಮೂಲಕವೇ ಬರುತ್ತಾರೆ ಎಂಬುದು ನಿಜ. ಆದರೆ ವಕಾಲತ್ತು ಇಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ.

ಅರ್ಜಿ ಎಲ್ಲಿ ಕೊಡಬೇಕು? ಮದುವೆ ನಡೆದ ಊರು, ದಂಪತಿ ವಾಸವಾಗಿರುವ ಊರು, ಇಲ್ಲವೇ ಕೊನೆಯ ಬಾರಿ ಜೊತೆಯಾಗಿ ಬಾಳಿದ ಊರು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿ. ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. ಮದುವೆಯ ಪ್ರಮಾಣಪತ್ರ, ಗುರುತಿನ ಹಾಗೂ ವಿಳಾಸದ ದಾಖಲೆ, ಮಕ್ಕಳ ಜನನ ಪತ್ರ, ಪ್ರತ್ಯೇಕವಾಗಿ ಬಾಳುತ್ತಿರುವ ವಿವರ, ಅಫಿಡವಿಟ್ - ಇವು ಬೇಕಾಗುತ್ತವೆ. ಜೀವನಾಂಶ ಕೇಳುವುದಾದರೆ 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಸಲ್ಲಿಸಬೇಕು.

ಸಾಧ್ಯ ಎಂದ ಮಾತ್ರಕ್ಕೆ ಕ್ಷೇಮವೇ?

ಇಲ್ಲಿ ನಾವು ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಇಬ್ಬರೂ ಒಪ್ಪಿದ್ದಾರೆ, ಮಕ್ಕಳಿಲ್ಲ, ಆಸ್ತಿಯ ತಕರಾರಿಲ್ಲ ಎಂದಾದರೆ ವಕೀಲರಿಲ್ಲದೆಯೂ ಕೆಲಸ ಆದೀತು. ಆದರೆ ಒಬ್ಬರು ಒಪ್ಪದಿದ್ದಾಗ ಸಾಕ್ಷ್ಯ, ಪಾಟೀ ಸವಾಲು, ಮಧ್ಯಂತರ ಅರ್ಜಿ ಎಂದು ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಎದುರು ಪಕ್ಷಕ್ಕೆ ಅನುಭವಿ ವಕೀಲರಿದ್ದು ಈ ಕಡೆ ಬೀಡಿ ಕಟ್ಟಿ ಸಂಸಾರ ಸಾಗಿಸುವ ತಾಯಿ ಒಬ್ಬರೇ ನಿಂತರೆ ಆ ತಕ್ಕಡಿ ಸರಿಯಾಗಿ ತೂಗೀತೇ?

ಒಪ್ಪಿಗೆಯ ಅರ್ಜಿಯಲ್ಲೂ ಅಪಾಯವಿದೆ. ಗಂಡನ ಕಡೆಯವರೇ ಬರೆಸಿ ತಂದ ಕಾಗದದಲ್ಲಿ "ಜೀವನಾಂಶದ ಹಕ್ಕನ್ನು ಬಿಟ್ಟಿದ್ದೇನೆ, ಚಿನ್ನಾಭರಣ ಮರಳಿ ಪಡೆದಿದ್ದೇನೆ" ಎಂಬ ಸಾಲುಗಳು ಇರಬಹುದು. ಕುಟುಂಬ ನ್ಯಾಯಾಲಯ ಇಬ್ಬರ ಒಪ್ಪಿಗೆಯಿಂದ ಕೊಟ್ಟ ಡಿಕ್ರಿಯ ಮೇಲೆ ಅಪೀಲು ಇಲ್ಲ. 19ನೆಯ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಎರಡನೆಯ ಬಾರಿ ಇಬ್ಬರೂ ಬಂದು ಹೇಳಬೇಕೆಂಬ ನಿಯಮ ಇರುವುದು ಯೋಚಿಸಲು ಸಮಯ ಸಿಗಲೆಂದೇ.

ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರಿಗೆ ವಕೀಲರೇ ಇಲ್ಲದೆ ಹೋಗುವುದೊಂದೇ ದಾರಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಎಲ್ಲ ಮಹಿಳೆಯರಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಸೇವೆ ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕಿನಲ್ಲಾದರೆ ತಾಲೂಕು ಸಮಿತಿ, ಇವನ್ನು ಕೋರ್ಟಿನಲ್ಲೇ ವಿಚಾರಿಸಬಹುದು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಬಾಗಿಲ ಬಳಿ ನಿಂತ ಆ ತಾಯಿಗೆ ಈ ಒಂದು ಮಾಹಿತಿ ಯಾರೂ ಕೊಟ್ಟಿರಲಿಲ್ಲ.

ವಿಚ್ಛೇದನವಲ್ಲದೆ ಬೇರೆ ದಾರಿಗಳೂ ಇವೆ. ಅದೇ ಕಾಯ್ದೆಯಡಿ ನ್ಯಾಯಿಕ ಪ್ರತ್ಯೇಕತೆಯನ್ನು ಕೇಳಬಹುದು. ಮದುವೆಯ ಬಂಧ ಉಳಿದು, ಜೊತೆಗೆ ಬಾಳುವ ಬಾಧ್ಯತೆ ಮಾತ್ರ ನಿಲ್ಲುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಗಂಭೀರ ಅಪಾಯವಿದ್ದಾಗ ದಂಪತಿ ಬೇರೆಯಾಗಿ ಬಾಳಲು ಅವಕಾಶ ಕೊಡುತ್ತದೆ. ಹೊಡೆತ ಬಡಿತ ಇರುವಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಹಣಕಾಸಿನ ನೆರವು ಪಡೆಯಲು ವಿಚ್ಛೇದನದ ಅಗತ್ಯವೇ ಇಲ್ಲ.

ಎರಡು ನ್ಯಾಯಾಲಯ, ಎರಡು ತೀರ್ಪು

ನಮ್ಮಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿ ಹೇಳಬೇಕು. ಧರ್ಮಪ್ರಾಂತ್ಯದ ನ್ಯಾಯಮಂಡಳಿ ವಿವಾಹವನ್ನು ಶೂನ್ಯವೆಂದು ಘೋಷಿಸಿದರೆ ಎಲ್ಲವೂ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಅದು ಹಾಗಲ್ಲ. ಧರ್ಮಸಭೆಯ ಘೋಷಣೆಗೆ ದೇಶದ ಕಾನೂನಿನಲ್ಲಿ ವಿಚ್ಛೇದನದ ಬಲವಿಲ್ಲವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. ಆ ಘೋಷಣೆಗೆ ಮಾನ್ಯತೆ ಕೊಡಬೇಕೆಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2017ರ ಜನವರಿಯಲ್ಲಿ ವಜಾ ಆಯಿತು. ಕೋರ್ಟಿನ ಡಿಕ್ರಿ ಇಲ್ಲದೆ ಮರುಮದುವೆಯಾದರೆ ಅದು ದ್ವಿವಿವಾಹದ ಅಪರಾಧವಾದೀತು. 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದಕ್ಕೆ ಏಳು ವರ್ಷದವರೆಗೆ ಸಜೆ ಇದೆ.

ಹಾಗೆಯೇ ಕೋರ್ಟಿನ ಡಿಕ್ರಿಯಿಂದ ಸಂಸ್ಕಾರದ ಬಂಧ ಕಡಿಯುವುದಿಲ್ಲ. ವಿಚ್ಛೇದನವು ಇದ್ದ ಮದುವೆಯನ್ನು ಮುಗಿಸುತ್ತದೆ. ನ್ಯಾಯಮಂಡಳಿಯಾದರೋ ಆರಂಭದಲ್ಲೇ ಸಿಂಧುವಾದ ವಿವಾಹ ನಡೆದಿತ್ತೇ ಎಂದು ಪರಿಶೀಲಿಸುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಈ ಪ್ರಕ್ರಿಯೆಯನ್ನು ಸರಳಗೊಳಿಸಿದರು. ಎರಡು ಹಂತದಲ್ಲಿ ಒಂದೇ ತೀರ್ಪು ಬರಬೇಕೆಂಬ ನಿಯಮ ಹೋಯಿತು, ಬಡವರಿಗೆ ಭಾರವಾಗಬಾರದೆಂಬ ಆಶಯವೂ ಅದರಲ್ಲಿದೆ.

ಗಲ್ಫಿನಲ್ಲೋ ಬೇರೆ ಹೊರದೇಶದಲ್ಲೋ ಇರುವ ಗಂಡ ಅಲ್ಲಿಯ ಕೋರ್ಟಿನಿಂದ ಡಿಕ್ರಿ ತಂದರೆ ಏನು? ಇಲ್ಲಿ ಅನ್ವಯಿಸುವ ಕಾನೂನಿನ ಕಾರಣಗಳಿಲ್ಲದೆ, ಹೆಂಡತಿ ಆ ನ್ಯಾಯಾಲಯಕ್ಕೆ ಒಪ್ಪಿಕೊಳ್ಳದೆ ಪಡೆದ ಇಂಥ ಡಿಕ್ರಿಗೆ ಇಲ್ಲಿ ಮಾನ್ಯತೆಯಿಲ್ಲವೆಂದು 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹೆದರಿ ಸುಮ್ಮನಾಗುವ ಅಗತ್ಯವಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ

ಈಗ ಆ ತಾಯಿಯ ಎರಡನೆಯ ಪ್ರಶ್ನೆ. ಉತ್ತರ ಸರಳ, ಸಾಂತ್ವನದಾಯಕ. ನ್ಯಾಯವಾದ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು, ಆಸ್ತಿಯನ್ನು ರಕ್ಷಿಸಲು ಬೇರೆ ದಾರಿಯಿಲ್ಲದಾಗ ಸಿವಿಲ್ ವಿಚ್ಛೇದನವನ್ನು ಸಹಿಸಬಹುದು, ಅದು ನೈತಿಕ ಅಪರಾಧವಾಗದು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೆಯ ಪರಿಚ್ಛೇದ ಬೋಧಿಸುತ್ತದೆ. ವಿಚ್ಛೇದನ ಪಡೆದೂ ಮರುಮದುವೆಯಾಗದೆ ನಿಷ್ಠೆಯಿಂದ ಬಾಳುವವರಿಗೆ ಸಂಸ್ಕಾರಗಳನ್ನು ಸ್ವೀಕರಿಸಲು ಅಡ್ಡಿಯಿಲ್ಲವೆಂದು ಸಂತ ಜಾನ್ ಪೌಲ್ 1981ರಲ್ಲೇ ಬರೆದಿದ್ದಾರೆ. ಆದರೂ ಎಷ್ಟೋ ಮಂದಿ ಯಾರೋ ಹೇಳಿದ್ದನ್ನು ನಂಬಿ ಪರಮ ಪ್ರಸಾದದ ಸಾಲಿನಿಂದ ಹಿಂದೆ ಸರಿದು ಕೊನೆಯ ಬೆಂಚಿನಲ್ಲಿ ಕುಳಿತಿದ್ದಾರೆ. ಇದರಲ್ಲಿ ತಪ್ಪು ಯಾರದು? ಸರಿಯಾದುದನ್ನು ಹೇಳದ ನಮ್ಮದೂ ಅಲ್ಲವೇ?

ನಾವೇನು ಮಾಡಬಹುದು?

ಮದುವೆಯ ಪ್ರಮಾಣಪತ್ರ ಕೇಳಿ ಬಂದವರನ್ನು ಕಚೇರಿಯಲ್ಲಿ ಪ್ರಶ್ನೆಗಳಿಂದ ಬೆಚ್ಚಿಬೀಳಿಸದೆ ಪ್ರತಿಯನ್ನು ಕೊಡೋಣ. ಅದು ಅವರದೇ ದಾಖಲೆ. ರಾಜಿಗೆ ಅವಕಾಶವಿದ್ದರೆ ಮೊದಲು ಕುಳಿತು ಮಾತಾಡೋಣ. ಆದರೆ ಹೊಡೆತ ತಿನ್ನುತ್ತಿರುವವರಿಗೆ "ಸಹಿಸಿಕೊಂಡು ಹೋಗು ಬಾಯಿ" ಎಂದು ಹೇಳಿ ಕಳುಹಿಸುವುದು ರಾಜಿಯಲ್ಲ. ಪಾಲನಾ ಮಂಡಳಿಯಲ್ಲಿರುವ ವಕೀಲರು, ನಿವೃತ್ತ ಕೋರ್ಟ್ ನೌಕರರು ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಕುಳಿತು ಕಾಗದ ಓದಿ ವಿವರಿಸಿದರೆ ಎಷ್ಟೋ ಮಂದಿಗೆ ಉಪಕಾರವಾದೀತು. ವಾಳೆಯ ಗುರಿಕಾರರು ಸುದ್ದಿ ಹರಡುವ ಬದಲು ಗುಟ್ಟು ಕಾಪಾಡಲಿ. ಕೋರ್ಟಿನ ವಾಯಿದೆಯ ದಿನ ಜೊತೆಗೆ ಹೋಗಲು ಸ್ತ್ರೀ ಸಂಘಟನೆಯ ಒಬ್ಬರು ಸಿಗಲಿ.

ವಿವಾಹ ಪೂರ್ವ ತರಬೇತಿಗೂ ಇದರಲ್ಲಿ ಪಾಠವಿದೆ. ರೋಸಿನ ಖರ್ಚಿಗೆ, ಸಭಾಂಗಣದ ಅಲಂಕಾರಕ್ಕೆ ತೋರುವ ಆಸಕ್ತಿಯ ಒಂದು ಪಾಲನ್ನಾದರೂ ಇಬ್ಬರೂ ಮನಬಿಚ್ಚಿ ಮಾತಾಡುವುದಕ್ಕೆ ಕೊಟ್ಟರೆ ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆಯಾದಾರು.

ಮದುವೆಯ ದಿನ ಅಲ್ತಾರಿನ ಮುಂದೆ ನಾವೆಲ್ಲರೂ ಸಾಕ್ಷಿಗಳಾಗಿ ನಿಂತಿದ್ದೆವು. ಆ ಮದುವೆ ಮುರಿದು ಬಿದ್ದ ದಿನ ಒಬ್ಬರೇ ಕೋರ್ಟಿನ ವರಾಂಡದಲ್ಲಿ ಹೆಸರು ಕೂಗುವುದನ್ನು ಕಾಯುತ್ತಾ ಕುಳಿತಿರುತ್ತಾರೆ. ಕಾನೂನು ಅವರಿಗೆ ವಕೀಲರಿಲ್ಲದೆ ಬರಲು ಅನುಮತಿ ಕೊಟ್ಟಿದೆ. ಆದರೆ ಜೊತೆಗೆ ಯಾರೂ ಇಲ್ಲದೆ ಅವರು ಅಲ್ಲಿಗೆ ಹೋಗುವಂತಾದರೆ ಧರ್ಮಕೇಂದ್ರವೆಂಬ ಕುಟುಂಬಕ್ಕೆ ಏನರ್ಥ?