ಬೆರಳೇ ಬೀಗದ ಕೈ

ಲೆಕ್ಕದ ಹಳೆಯ ಥಿಂಕ್‌ಪ್ಯಾಡಿಗೆ ಬೆರಳಚ್ಚಿನ ಬೀಗ ಹಾಕಬಯಸುವ ಬಂಧುಗಳಿಗೆ ನಾವು ಹೇಳುವುದಿಷ್ಟು. ಅಂಗೈ ಊರುವಲ್ಲಿ ಸಣ್ಣ ಪಟ್ಟಿಯಿದ್ದರೆ ಬೆರಳನ್ನು ಒತ್ತಬಾರದು, ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಎಳೆಯಬೇಕು. ಆ ಮಾದರಿಗೇ ಹೊಂದುವ ಡ್ರೈವರ್ ಹಾಕಿ, ವಿಂಡೋಸ್ 10ರಲ್ಲಾದರೆ ಮೊದಲು ಪಿನ್, ಆಮೇಲೆ ಬೆರಳು. (ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.) ತೀರ ಹಳೆಯ ಪಟ್ಟಿಯನ್ನು ಅದು ಗುರುತಿಸದಿದ್ದರೆ ಪಾಸ್‌ವರ್ಡೇ ಗತಿ.

ಬೆಲ್ಲ, ಅರಿಸಿನ ಹಿಡಿದ ಕೈ, ಸವೆದ ಹೆಬ್ಬೆರಳು ಯಂತ್ರಕ್ಕೆ ಒಗ್ಗದು; ಎರಡೂ ಕೈಯ ಬೆರಳು ಕೊಡಿ.

ಯಜಮಾನರು ಆಸ್ಪತ್ರೆ ಸೇರಿದ ದಿನ ಬಾಕಿ ವಸೂಲಿಯೇ ನಿಂತರೆ? ಮಗನಿಗೋ ಸೊಸೆಗೋ ಬೇರೆ ಖಾತೆ ತೆರೆದು ಅವರ ಬೆರಳನ್ನು ಅದಕ್ಕೆ ಕೊಡಿಸಿ. ಲೆಕ್ಕದ ಕಡತ ಇಬ್ಬರಿಗೂ ತೆರೆಯುವಂತಿರಲಿ. ಪಾಸ್‌ವರ್ಡಿನ ಚೀಟಿ ತಿಜೋರಿಯಲ್ಲಿರಲಿ, ಲ್ಯಾಪ್‌ಟಾಪಿನ ಚೀಲದಲ್ಲಲ್ಲ.