ಯಾರ ಹೊಗೆಗೆ ಯಾರ ಪರ್ಯಾಯ?

ಇ-ಸಿಗರೇಟಿನ ನಿಷೇಧ ತೆಗೆಯಿರಿ, ನಿಯಮ ಹಾಕಿ ಮಾರಲು ಬಿಡಿರಿ ಎಂಬ ಮಾತು ಪಟ್ಟಣಗಳಿಂದ ಕೇಳಿಬರುತ್ತಿದೆ. ಸಿಗರೇಟು ಬಿಡಲಾಗದವನಿಗೆ ಅದು ಪರ್ಯಾಯವಂತೆ! ಕರ್ನಾಟಕ 2016ರಲ್ಲೇ ಅದನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಮಾರಿದವನಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಪ್ರಭುತ್ವದ ಕೈ ಇಷ್ಟು ಚುರುಕಾದದ್ದು ಹೇಗೆ? ಆ ಯಂತ್ರ ಹೆಚ್ಚಾಗಿ ಹೊರದೇಶದಿಂದ ಬರುತ್ತಿತ್ತು. ಸುಗ್ರೀವಾಜ್ಞೆ ಘೋಷಿಸಿದ ದಿನವೇ ಸಿಗರೇಟು ಕಂಪನಿಗಳ ಷೇರು ಏರಿದವು. ಸರ್ಕಾರದ ಎಲ್‌ಐಸಿಯೇ ಐಟಿಸಿಯ ದೊಡ್ಡ ಪಾಲುದಾರ. ಇದರ ಮ್ಯಾಲ ನಾ ಏನ್ ಹೇಳ್ಲಿ?

ಕೇಂದ್ರದ್ದೇ 2016-17ರ ಸಮೀಕ್ಷೆ ತೆಗೆದು ನೋಡಿರಿ. ದೇಶದ ವಯಸ್ಕರಲ್ಲಿ ಇ-ಸಿಗರೇಟು ಸೇದುವವರು ಶೇ. 0.02. ಸಿಗರೇಟು ಶೇ. 4, ಬೀಡಿ ಶೇ. 7.7. ಹೊಗೆಯಿಲ್ಲದ ತಂಬಾಕು ಶೇ. 21.4!

ಆ ಶೇ. 21ರ ಜನ ಎಲ್ಲಿದ್ದಾರೆ? ತಿಕೋಟಾದ ದ್ರಾಕ್ಷಿ ತೋಟದಾಗ ಕೂಲಿಗೆ ಹೋಗುವಾಕಿಯ ಬಾಯಾಗ, ಬಬಲೇಶ್ವರದ ಕಬ್ಬಿನ ಗದ್ದೆಯಾಗ, ವಿಜಯಪುರದ ಗಾಂಧಿ ಚೌಕದ ಹಮಾಲನ ಗಲ್ಲದೊಳಗ. ಸುಣ್ಣ ತಿಕ್ಕಿದ ತಂಬಾಕು ಹಸಿವು ಮುಚ್ಚತೈತಿ. ಮಧ್ಯಾಹ್ನದ ಬುತ್ತಿ ಇಲ್ಲದವರಿಗೆ ಅದು ಚಟಕ್ಕಿಂತ ಮೊದಲು ಊಟ. 2013ರಲ್ಲಿ ಗುಟಕಾ ನಿಷೇಧವಾಯಿತು. ಕಂಪನಿಗಳು ಒಂದು ಚೀಟಿ ಹರಿದು ಎರಡು ಮಾಡಿದವು: ಒಂದರೊಳಗ ಪಾನ್ ಮಸಾಲಾ, ಇನ್ನೊಂದರೊಳಗ ತಂಬಾಕು. ಕೂಡಿಸುವ ಕೆಲಸ ನಮ್ಮ ಅಂಗೈಗೆ ಬಿಟ್ಟರು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು 2003ರದು. ಮಾಸ್ತರರೇ, ನಿಮ್ಮ ಶಾಲೆಯ ಗೇಟಿನಿಂದ ಒಮ್ಮೆ ಹೆಜ್ಜೆ ಎಣಿಸಿ ನೋಡ್ರಿ.

ಪರ್ಯಾಯದವರ ವಾದವೆಲ್ಲ ಸುಳ್ಳೆಂದು ನಾನು ಅನ್ನುವುದಿಲ್ಲ. ನಿಕೋಟಿನ್ ಪಟ್ಟಿಗಿಂತ ಇ-ಸಿಗರೇಟಿನಿಂದ ಹೆಚ್ಚು ಜನ ಸಿಗರೇಟು ಬಿಟ್ಟಿದ್ದಾರೆಂಬ ಸಂಶೋಧನೆ ಇದೆ. ಇಂಗ್ಲೆಂಡು 2023ರಲ್ಲಿ ಹತ್ತು ಲಕ್ಷ ಸೇದುಗರಿಗೆ ಅದನ್ನು ಪುಕ್ಕಟೆ ಕೊಡುವುದಾಗಿ ಹೇಳಿತು, ಜೊತೆಗೆ ಬಿಡಿಸಲು ಸಲಹೆಗಾರರನ್ನೂ. ಅದೇ ದೇಶ, ಮಕ್ಕಳು ಚಟಕ್ಕೆ ಬಿದ್ದರೆಂದು, ಸೇದಿ ಎಸೆಯುವ ಬಗೆಯವನ್ನು 2025ರ ಜೂನಿನಲ್ಲಿ ನಿಷೇಧಿಸಿತು. ಇಲ್ಲಿ ಪುಕ್ಕಟೆ ಕೊಡುವವರಾರು? ಬರುವುದು ಅಂಗಡಿ ಮಾತ್ರ. ಗಲ್ಲದೊಳಗಿನ ತಂಬಾಕಿಗೆ ಆ ಯಂತ್ರ ಯಾವ ಪರ್ಯಾಯ? ನಿಷೇಧ ಇರಲಿ. ಅದನ್ನೇ ಜನಾರೋಗ್ಯದ ಗೆಲುವೆಂದು ಮೆರೆಸುವ ಹುನ್ನಾರ ಬೇಡ.

ಬೀಡಿ ಕಟ್ಟುವ ಅವ್ವಂದಿರ ಮಾತು ಎರಡೂ ಕಡೆಯವರ ಬಾಯಲ್ಲಿಲ್ಲ. ವಿಜಯಪುರದಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದರೆ ಮನೆಮನೆಯಲ್ಲಿ ಮೊರ ತೊಡೆಯ ಮೇಲಿಟ್ಟು ಕೂತಿದ್ದಾರೆ. ತಂಬಾಕಿನ ಧೂಳು ಅವರ ಎದೆಗೆ, ಲಾಭ ಧಣಿಗೆ. ಅವರ ದವಾಖಾನೆಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದು 1976ರ ಕಾಯ್ದೆಯಂತೆ ಎತ್ತುತ್ತಿದ್ದ ಸೆಸ್ಸನ್ನು 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದು ಮಾಡಿದರು. ಅದಕ್ಕೆ ಯಾರೂ ಸುಗ್ರೀವಾಜ್ಞೆ ತರಲಿಲ್ಲ.

ಪರ್ಯಾಯ ಬೇಕೇ ಬೇಕು ನಮಗೂ. ತಿಕೋಟಾ, ಬಬಲೇಶ್ವರದ ಸರ್ಕಾರಿ ದವಾಖಾನೆಯಲ್ಲಿ ನಿಕೋಟಿನ್ ಗಮ್ಮು ಪುಕ್ಕಟೆ ಸಿಗಲಿ. ನಮ್ಮ ಮಾತಿನಾಗ ಮಾತಾಡುವ ಸಲಹೆಗಾರ ಕೂಡಲಿ. ಕಬ್ಬಿನ ಗ್ಯಾಂಗು ಇಳಿದಲ್ಲಿಗೇ ಡಾಕ್ಟರು ಬಂದು ಬಾಯಿ ತೆರೆಸಿ ನೋಡಲಿ. ಬೀಡಿ ಕಟ್ಟುವ ಕೈಗೆ ಬೇರೆ ಕೆಲಸ, ಅಷ್ಟೇ ಕೂಲಿ ಬರಲಿ. ಇ-ಸಿಗರೇಟಿನ ಪರವೋ ವಿರೋಧವೋ ಎಂದು ಸಹಿ ಕೇಳಿಕೊಂಡು ಬರುವವರೇ, ಈ ನಾಲ್ಕಕ್ಕೆ ಮೊದಲು ನಿಮ್ಮ ಸಹಿ ಹಾಕ್ರಿ.